ಮೊದಲು ತಂಗಿ

ಕುರ್ಚಿಯಲ್ಲಿ ಒರಗಿದ್ದವಳು ತಂಗಿ. ಹಲ್ಲುನೋವು ಇದ್ದದ್ದು ಅಣ್ಣನಿಗೆ. ಅವನು ಗೋಡೆಗೆ ಬೆನ್ನು ಕೊಟ್ಟು, ಊದಿದ ಎಡಗೆನ್ನೆಯನ್ನು ಅಂಗೈಯಲ್ಲಿ ಅದುಮಿಕೊಂಡು, ದೀಪದ ಕೆಳಗೆ ತೆರೆದ ಅವಳ ಬಾಯನ್ನೇ ನೋಡುತ್ತ ನಿಂತಿದ್ದ. ಡಾಕ್ಟರ್ ಅವಳ ಬಾಯೊಳಗೆ ಪುಟ್ಟ ಕನ್ನಡಿ ಆಡಿಸಿ ತೆಗೆದರು. ಅವಳು ಇಳಿದಳು, ಅವನು ಹತ್ತಿದ. ಕನ್ನಡಿ ಅವನ ಬಾಯಿಗೂ ಹೋಗಿ ಬಂತು. ಅವನು ಅಲುಗಲಿಲ್ಲ.

“ಇಷ್ಟು ಸಾಧು ಮನುಷ್ಯ. ಕಚ್ತಾರೆ ಅಂತ ಯಾರಮ್ಮಾ ಹೇಳಿದ್ದು?”

“ಈ ಸಲ ಹೋದ ಕ್ಲಿನಿಕ್ಕಲ್ಲೆಲ್ಲ ಹೇಳಿದ್ರು.” ತಂಗಿ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. “ಆಟಿಸಂ ಅಂದ ತಕ್ಷಣ ಡಾಕ್ಟರ್ ಊಟಕ್ಕೆ ಹೋಗಿದಾರೆ ಅಂತಾರೆ. ಬಾಗಿಲು ತೆಗೆಯೋ ಹೊತ್ತಿಗೆ ಹೋದ್ರೂ ಊಟಕ್ಕೇ ಹೋಗಿರ್ತಾರೆ.”

ಡಾಕ್ಟರ್ ನಕ್ಕರು. ಆಮೇಲೆ ನಗು ನಿಂತಿತು. “ಬೇರಿನ ತನಕ ಕೀವಾಗಿದೆ. ದೊಡ್ಡಾಸ್ಪತ್ರೆಯಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿ ತೆಗೀತಾರಲ್ಲ?”

“ಹೆಸರು ಬರೆಸಿದೀನಿ. ಮುಂದಿನ ವರ್ಷ ಬನ್ನಿ ಅಂದ್ರು. ಇವನು ಏನೂ ತಿಂತಿಲ್ಲ ಡಾಕ್ಟ್ರೇ. ನೀರು ಕುಡಿಯೋಕೂ ಅಳ್ತಾನೆ.”

“ಹಾಗಿದ್ರೆ ಇವತ್ತೇ ತೆಗೆಯೋಣ,” ಎಂದು ಡಾಕ್ಟರ್ ಸೂಜಿ ಎತ್ತಿಕೊಂಡರು. ಅಣ್ಣ ಧಡಕ್ಕನೆ ಎದ್ದು ಇಳಿದ. ತಂಗಿಯ ತೋಳು ಹಿಡಿದು ಕುರ್ಚಿಯ ಕಡೆಗೆ ನೂಕಿದ. “ನೀನು,” ಎಂದ. ಅವನ ಬಾಯಲ್ಲಿದ್ದ ಮಾತು ಅದೊಂದೇ.

ಅದು ಅಮ್ಮ ಕಲಿಸಿದ್ದು. ಚಿಕ್ಕಂದಿನಲ್ಲಿ ಅವನು ಔಷಧಿಗೆ ಬಾಯಿ ಬಿಡದಿದ್ದಾಗ, ಜ್ವರವೇ ಇಲ್ಲದ ತಂಗಿಗೆ ಒಂದು ಚಮಚ ಕುಡಿಸಿ, “ನೋಡು ಪುಟ್ಟಾ, ತಂಗಿ ಕುಡಿದ್ಲು, ಈಗ ನೀನು,” ಎನ್ನುತ್ತಿದ್ದಳು. ಉಗುರಿಗೂ ಹಾಗೇ, ಸ್ನಾನಕ್ಕೂ ಹಾಗೇ. ಅಮ್ಮ ಹೋದಳು, ಉಪಾಯ ಉಳಿಯಿತು. ಈಗಲೂ ಕ್ಷೌರದಂಗಡಿಯಲ್ಲಿ ಮೊದಲು ಅವಳ ಕೆನ್ನೆಗೆ ನೊರೆ ಬಳಿಯಬೇಕು. “ಏನಮ್ಮಾ, ಮೀಸೆ ಬಿಡ್ಲಾ, ತೆಗೀಲಾ?” ಎಂದು ಕ್ಷೌರಿಕ ಪ್ರತಿ ಸಲ ಕೇಳುತ್ತಾನೆ; ಪ್ರತಿ ಸಲ ಅವಳು ತಲೆ ತಗ್ಗಿಸಿ ಕೂರುತ್ತಾಳೆ.

“ಅಷ್ಟೇ ತಾನೆ, ನಾಟಕ ಮಾಡಿದರಾಯ್ತು,” ಎಂದರು ಡಾಕ್ಟರ್. ಮುಚ್ಚಳ ತೆಗೆಯದ ಸೂಜಿಯನ್ನು ಅವಳ ವಸಡಿಗೆ ಮುಟ್ಟಿಸಿದರು. ಬಾಯೊಳಗೆ ಇಕ್ಕಳವಿಟ್ಟು ಮಣಿಕಟ್ಟು ತಿರುಗಿಸಿದರು. ಮುಷ್ಟಿಯಲ್ಲಿ ಅಡಗಿಸಿಕೊಂಡಿದ್ದ ಮಾದರಿಯ ಹಲ್ಲೊಂದನ್ನು ಟ್ರೇಗೆ ಬೀಳಿಸಿದರು. ಅಣ್ಣ ಟ್ರೇಯ ಕಡೆ ನೋಡಲೇ ಇಲ್ಲ. ಹತ್ತಿರ ಬಂದು ತೋರುಬೆರಳನ್ನು ತಂಗಿಯ ಬಾಯಲ್ಲಿಟ್ಟು, ಕತ್ತಲಲ್ಲಿ ದೀಪದ ಸ್ವಿಚ್ಚು ತಡಕುವವನ ಹಾಗೆ, ಒಂದೊಂದೇ ಹಲ್ಲು ಮುಟ್ಟುತ್ತ ಹೋದ. ಬೆರಳು ತೆಗೆದು ಅಡ್ಡಡ್ಡ ತಲೆಯಾಡಿಸಿದ.

“ನೀನು.”

“ಇವರ ಹತ್ರ ನಮ್ಮ ಆಟ ನಡೆಯಲ್ಲ,” ಎಂದರು ಡಾಕ್ಟರ್. “ಒಂದು ಕೆಲಸ ಮಾಡೋಣ. ನಿನ್ನ ಮೂಲೆಯ ಬುದ್ಧಿಹಲ್ಲು ತೆಗೀತೀನಿ. ಅದು ಇದ್ದರೂ ಒಂದೇ, ಹೋದರೂ ಒಂದೇ. ಎಲ್ಲಿ, ಬಾಯಿ ತೆಗಿ.”

ಈ ಸಲ ಕನ್ನಡಿ ಒಂದೊಂದು ಮೂಲೆಯಲ್ಲೂ ನಿಂತು ನಿಂತು ನೋಡಿತು. ಬುದ್ಧಿಹಲ್ಲು ಎಲ್ಲೂ ಇರಲಿಲ್ಲ. ಬಲಗಡೆ ಅದರ ಪಕ್ಕದ ದವಡೆಹಲ್ಲಿನ ಜಾಗವೂ ಖಾಲಿ.

“ಅವು ಹಿಂದಿನ ಸಲಗಳಿಗೆ ಮುಗಿದ್ವು ಡಾಕ್ಟ್ರೇ,” ಎಂದಳು ತಂಗಿ.

ಡಾಕ್ಟರ್ ಕನ್ನಡಿ ಕೆಳಗಿಟ್ಟರು. “ಚೆನ್ನಾಗಿರೋ ಹಲ್ಲಿಗೆ ಕೈ ಹಾಕೋದು ತಪ್ಪು, ನೋಡಮ್ಮಾ. ನನ್ನ ಕೈಲಾಗಲ್ಲ.”

“ತಪ್ಪೇ. ಬೇರೆ ದಾರಿ ಇದ್ರೆ ಹೇಳಿ.”

ಡಾಕ್ಟರರ ಬೆನ್ನ ಹಿಂದೆ ಅಣ್ಣ ಊದಿದ ಕೆನ್ನೆಯನ್ನು ಗೋಡೆಗೆ ಗುದ್ದಿಕೊಂಡ. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಡಾಕ್ಟರ್ ಹೊಸ ಕೈಗವಸು ಎಳೆದುಕೊಂಡರು.

“ನೋವಾದರೆ ಕೈ ಎತ್ತಮ್ಮಾ.”

“ಎತ್ತಲ್ಲ. ಅವನು ನೋಡ್ತಿರ್ತಾನೆ.”

ಮೊದಲು ಅವಳಿಗೆ ಸೂಜಿ, ಆಮೇಲೆ ಅವನಿಗೆ. ದವಡೆಗಳು ಮರಗಟ್ಟಿದ ಮೇಲೆ ಮೊದಲು ಅವಳಿಗೆ ಇಕ್ಕಳ. ಅವಳ ಮುಖದ ಒಂದು ಗೆರೆಯೂ ಕದಲಲಿಲ್ಲ. ಕಾಲ್ಬೆರಳುಗಳು ಮಾತ್ರ ಚಪ್ಪಲಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಅಣ್ಣ ಬಂದು ಬೆರಳಿಟ್ಟು ನೋಡಿದ. ಬೆರಳಿಗೆ ರಕ್ತ ಹತ್ತಿತು. ತಲೆದೂಗಿದ. ತಾನೇ ಕುರ್ಚಿ ಹತ್ತಿ, ಯಾರೂ ಹೇಳದೆ ಬಾಯಿ ಅಗಲಿಸಿದ. ಕೀವು ತುಂಬಿದ ಹಲ್ಲು ಬೇರುಸಹಿತ ಬಂದಾಗಲೂ ಒಂದು ಸದ್ದು ಮಾಡಲಿಲ್ಲ.

ಎದ್ದವನು ಅಂಗಿಯ ತೋಳಿನಿಂದ ಗಲ್ಲ ಒರೆಸಿಕೊಂಡು ಟ್ರೇಯ ಮೇಲೆ ಬಾಗಿದ. ಒಂದು ಕಪ್ಪಗಿತ್ತು, ಇನ್ನೊಂದು ಬೆಳ್ಳಗೆ. ಬೆಳ್ಳಗಿನದನ್ನು ಎತ್ತಿಕೊಂಡು ಅಂಗಿಯಂಚಿನಲ್ಲಿ ಶುಚಿಯಾಗಿ ಒರೆಸಿದ. ತಂಗಿಯ ಬಾಯಿಗೆ ಅಡ್ಡವಿದ್ದ ಕೈಯನ್ನು ಮೆಲ್ಲಗೆ ಸರಿಸಿ, ಅದನ್ನು ಅವಳ ತುಟಿಯ ಹತ್ತಿರ ಹಿಡಿದು, ಅವಳು ಬಾಯಿ ತೆರೆಯಲಿ ಎಂದು ಕಾಯುತ್ತ ನಿಂತ.