ಜಾಣಕಿವುಡು

ಮೂರನೇ ಸಲವೂ ಕೈಗಡಿಯಾರ ಉಸಿರೆತ್ತಲಿಲ್ಲ. ವಿಲ್ಲಿ ಗುಂಡಿಯಂಥ ಸೆಲ್ಲನ್ನು ಕೂರಿಸಿದ, ಕಿವಿ ಹತ್ತಿರ ತಂದ, ಎರಡು ಕ್ಷಣ ಕಾದ, ಚಿಮಟದಿಂದ ಸೆಲ್ಲನ್ನು ಹೊರಗೆ ತೆಗೆದುಬಿಟ್ಟ. ಬೀಲ್ ಊರಿನ ಗಡಿಯಾರ ಕಾರ್ಖಾನೆಯಲ್ಲಿ ಹದಿನೇಳನೇ ವಯಸ್ಸಿಗೆ ಕಲಿತ ಪಾಠ ಅದು. ಈ ಜಾತಿಯ ಗಡಿಯಾರ ಟಿಕ್‌ಟಿಕ್ ಅನ್ನುವುದಿಲ್ಲ; ಒಳಗಿನ ಎರಡು ಕವಲಿನ ಪುಟ್ಟ ಲೋಹದ ಶ್ರುತಿಕವೆ ನಡುಗಿ, ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. ಅನ್ನದಿದ್ದರೆ ತಕ್ಷಣ ಸೆಲ್ ತೆಗೆಯಬೇಕು. ಗುಂಯ್ ಕೇಳಿಸಿದ ಮೇಲೇ ಮುಳ್ಳು ಕೂರಿಸಬೇಕು.

ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಇಂಥದ್ದು ಅವನ ಮೇಜಿಗೆ ಬಂದದ್ದು ಇದೇ ಮೊದಲು. ಜೋಳದ ಕಾಳಿಗಿಂತ ಚಿಕ್ಕ ಚಕ್ರಕ್ಕೆ ಮುನ್ನೂರು ಹಲ್ಲು, ಒಂದು ಮುರಿದರೂ ಬದಲಿ ಎಲ್ಲೂ ಸಿಗದು. ಮೂರು ದಿನದಲ್ಲಿ ಮೂರು ಸಲ ಬಿಚ್ಚಿ ಜೋಡಿಸಿದ್ದ. ಇನ್ನೊಮ್ಮೆ ಬಿಚ್ಚಿದರೆ ಗಡಿಯಾರ ಉಳಿಯುವ ಭರವಸೆ ಅವನಿಗಿರಲಿಲ್ಲ.

"ಎಷ್ಟು ಸಲ ಕೂಗೋದು? ಸೂಪು ತಣ್ಣಗಾಯ್ತು. ಜಾಣಕಿವುಡು ಅಂದ್ರೆ ನಿಂದೇ!" ಹೆಂಡತಿ ಓಡೆಟ್ ಪಕ್ಕಕ್ಕೇ ಬಂದು ನಿಂತಳು.

"ಊಟ ಬೇಡ. ನನ್ನ ಕೈ ಹೋಯ್ತು, ಓಡೆಟ್. ನಾಳೆ ಇದನ್ನ ರಿಪೇರಿಗೆ ಕೊಟ್ಟ ಆ ರೈಲು ಓಡಿಸ್ತಿದ್ದ ಮುದುಕ ಬಂದ್ರೆ ನೀನೇ ವಾಪಸ್ ಕೊಟ್ಬಿಡು. ನನಗೆ ಮುಖ ತೋರಿಸೋಕಾಗಲ್ಲ. ಈ ಮೇಜನ್ನೂ ಮಾರಿಬಿಡೋಣ." ನೋಡು ಬೇಕಾದರೆ ಎಂಬಂತೆ ಸೆಲ್ಲನ್ನು ಮತ್ತೊಮ್ಮೆ ಕೂರಿಸಿದ.

"ಇದಕ್ಕೇನಾಗಿದೆ? ಚೆನ್ನಾಗೇ ಗುಂಯ್ ಅಂತಿದೆಯಲ್ಲ!"

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ" ಎನ್ನುತ್ತ ಅವನು ಚಿಮಟಕ್ಕೆ ಕೈ ಹಾಕಿದ. ಓಡೆಟ್ ಗಬಕ್ಕನೆ ಆ ಮಣಿಕಟ್ಟು ಹಿಡಿದಳು. ಅದೇ ಕಾರ್ಖಾನೆಯ ತಪಾಸಣೆ ಸಾಲಿನಲ್ಲಿ ಹನ್ನೊಂದು ವರ್ಷ ದುಡಿದವಳು ಅವಳು. ಯಂತ್ರಗಳ ಗದ್ದಲದಲ್ಲಿ ಆ ಸಾಲಿನ ಹೆಂಗಸರು ಗಡಿಯಾರವನ್ನು ಕಿವಿಗೆ ಹಿಡಿಯುತ್ತಿರಲಿಲ್ಲ, ಕಿವಿಯ ಹಿಂದಿನ ಮೂಳೆಗೆ ಒತ್ತಿ ಮೂಳೆಯ ಮೂಲಕವೇ ಸದ್ದು ಕೇಳುತ್ತಿದ್ದರು. ಈಗಲೂ ಅವಳು ಹಾಗೇ ಮಾಡಿದಳು. ಕೂರಿಸಿದ್ದ ಚೌಕಟ್ಟಿನ ಸಮೇತ ಗಡಿಯಾರದ ಯಂತ್ರವನ್ನೆತ್ತಿ ಗಂಡನ ಕಿವಿಯ ಹಿಂದೆ ಒತ್ತಿದಳು.

ವಿಲ್ಲಿಯ ಬಾಯಿ ಹಾಗೇ ತೆರೆದುಕೊಂಡಿತು. "ಅಯ್ಯೋ ದೇವರೇ! ಹಾಡ್ತಿದೆ ಕಣೇ! ಮೊದಲನೇ ಸಲಾನೇ ಸರಿಯಾಗಿತ್ತು!" ಎಪ್ಪತ್ತನಾಲ್ಕರ ಮುದುಕನಿಗೆ ಆನಂದಕ್ಕೆ ಕಣ್ಣು ತುಂಬಿಬಂತು. ಎರಡೂ ಅಂಗೈಗಳನ್ನು ಎದುರಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ನಿಧಾನವಾಗಿ ಮಂಕಾದ. "ಹಾಗಾದ್ರೆ ಹೋಗಿರೋದು ಕೈ ಅಲ್ಲ..."

ಓಡೆಟ್ ಯಂತ್ರವನ್ನು ಜೋಪಾನವಾಗಿ ಮೇಜಿನ ಮೇಲಿಟ್ಟಳು. ಅವಳ ಮುಖದ ಬಣ್ಣವೂ ಬದಲಾಗಿತ್ತು. ಬಗ್ಗಿ, ತನ್ನ ಗದ್ದವನ್ನು ಅವನ ಅದೇ ಮೂಳೆಗೆ ಒತ್ತಿ ಮೆಲ್ಲಗೆ ಹೇಳಿದಳು:

"ಚೆನ್ನಾಗಿ ನಿದ್ದೆ ಮಾಡು, ನನ್ನ ಮುದುಕಪ್ಪ."

"ಮಟಮಟ ಮಧ್ಯಾಹ್ನ ನಿದ್ದೆ ಯಾಕೆ ಮಾಡ್ಲಿ?"

"ದಿನಾ ದೀಪ ಆರಿಸಿದ ಮೇಲೆ ಹೇಳ್ತೀನಿ. ನೀನು ತಿರುಗಿ ಹೇಳದೆ ಒಂದೂವರೆ ವರ್ಷ ಆಯ್ತು. ನನ್ನ ಮೇಲೆ ಏನೋ ಸಿಟ್ಟು ಅಂದ್ಕೊಂಡಿದ್ದೆ ಕಣೋ."