ಬಾಗಿಲ ಪಕ್ಕ ಗುಲಾಬಿ ಬೇಡ

"ಅಲ್ಲೂ ಬೇಡ ಕಣೇ," ಎಂದರು ಅತ್ತೆ. ಅವರ ಮಾತಿಗೆಂದೇ ಬಾಗಿಲ ಎಡಗಡೆಯ ಗುಂಡಿ ಮುಚ್ಚಿ ಬಲಗಡೆ ಅಗೆಯುತ್ತಿದ್ದ ಸೊಸೆಗೆ ಮೈಯೆಲ್ಲ ಉರಿಯಿತು. ಬಳ್ಳಿಗುಲಾಬಿಯ ಸಸಿ ಬಿಸಿಲಿಗೆ ಆಗಲೇ ತಲೆ ಬಾಗಿಸಿತ್ತು.

"ಹಾಗಾದ್ರೆ ನನ್ನ ತಲೆ ಮೇಲೆ ನೆಡ್ಲಾ ಅತ್ತೆ? ಯಾಕೆ ಬೇಡ ಅಂತಾದ್ರೂ ಬಾಯಿಬಿಟ್ಟು ಹೇಳಿ!"

"ಮುಳ್ಳಿರುತ್ತಲ್ಲ," ಎಂದಷ್ಟೇ ಹೇಳಿ ಅತ್ತೆ ಒಳಗೆ ಹೊರಟರು.

"ಮುಳ್ಳಿಲ್ಲದ ಗುಲಾಬಿ ಎಲ್ಲಿಂದ ತರ್ಲಿ?" ಗುದ್ದಲಿ ಎಸೆದು ಸೊಸೆ ತಿರುಗಿದಳು. ನಡುಹಗಲ ಬೆಳಕಿನಲ್ಲಿ, ಬಾಗಿಲು ಪೂರ್ತಿ ತೆರೆದಿದ್ದರೂ, ಅತ್ತೆ ಗೋಡೆಗೆ ಅಂಗೈ ಊರಿ ಸವರುತ್ತ ಸವರುತ್ತ ಅದನ್ನು ಹುಡುಕುತ್ತಿದ್ದರು.

"ಅತ್ತೆ... ನಿಮಗೆ ಕಣ್ಣು ಕಾಣ್ತಿಲ್ವಾ?"

ಸವರುತ್ತಿದ್ದ ಕೈ ನಿಂತಿತು. "ನಿನ್ನ ಗಂಡನಿಗೆ ಹೇಳ್ಬೇಡ ಕಣೇ," ಎಂದರು ಅತ್ತೆ, ಗೋಡೆಯ ಕಡೆಗೇ ಮುಖಮಾಡಿ. "ಗೊತ್ತಾದ್ರೆ ನನ್ನನ್ನ ಒಂದು ಮೂಲೇಲಿ ಕೂರಿಸಿಬಿಡ್ತಾನೆ."