ದಿಂಬಿನ ಕೆಳಗಿನ ಗಂಟು

ದಿಂಬು ಎತ್ತಿದ ಮುಮತಾಜಬಿಯ ಕೈ ಅಲ್ಲೇ ನಿಂತಿತು. ಮಗಳ ಹಾಸಿಗೆಯಲ್ಲಿ ಮತ್ತೊಂದು ಗಂಟು.

ಮೊದಲ ಗಂಟಿನಲ್ಲಿ ಕುಸುಬಿ, ಮಡಕಿ, ಗುರೆಳ್ಳು, ಎಲ್ಲ ಒಂದೊಂದು ಚಿಟಿಕೆ ಇದ್ದವು. ಅಡುಗೆಮನೆಯಲ್ಲಿದ್ದರೆ ಅದು ಕಾಳು. ಹರೆಯದ ಹುಡುಗಿಯ ದಿಂಬಿನ ಕೆಳಗಿದ್ದರೆ ಮಾಟ. ಈ ಸಲ ಎರೆಮಣ್ಣಿನ ಹೆಂಟೆಯ ಜೊತೆ ಒಣಗಿದ ಹತ್ತಿಕಾಯಿ, ಅದರ ತೂತಿನಲ್ಲಿ ಸತ್ತ ಹುಳ.

ಗಂಟು ಕಟ್ಟಿದ್ದು ಹಸಿರು ಗೆರೆಯ ಬಟ್ಟೆಯ ತುಂಡಿನಲ್ಲಿ. ಅದನ್ನು ನೋಡಿದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ರಮಜಾನಿಗೆ ವಾರಗಿತ್ತಿ ಸೈರಾಬಾನು ಜಂಪರ್ ಹೊಲಿಸಿಕೊಂಡದ್ದು ಅದೇ ಬಟ್ಟೆಯಲ್ಲಿ, ಅದೂ ಮುಮತಾಜಬಿಯ ಗಂಡ ಮೈನುದ್ದೀನನ ಮಷೀನಿನಲ್ಲೇ. ಅಣ್ಣನ ಹೆಂಡತಿಯ ಬಟ್ಟೆಯನ್ನು ಯಾವ ದರ್ಜಿ ಒಲ್ಲೆ ಅಂದಾನು?

ಗಜೇಂದ್ರಗಡದ ಆ ಮನೆ ಮೊದಲು ಒಂದೇ ಇತ್ತು. ಪಾಲಾದಾಗ ನಡುವೆ ಗೋಡೆ ಎದ್ದಿತು. ಅಂದಿನಿಂದ ಅಣ್ಣತಮ್ಮಂದಿರ ಮಾತು ಉಳಿಯಿತು, ವಾರಗಿತ್ತಿಯರದು ನಿಂತಿತು. ಈಗ ಈಚೆ ಮುಮತಾಜಬಿಯ ಮಗಳು ನಾಜಮೀನ, ಆಚೆ ಸೈರಾಬಾನುವಿನ ಮಗ ಶಾಹೀದ, ಇಬ್ಬರಿಗೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸೀಟೇ ಬೇಕು. ಸವಡಿಯಲ್ಲಿರುವ ಅಜ್ಜನ ಹೊಲದ ಮೇಲೆ ಇಬ್ಬರೂ ರೈತರ ಮಕ್ಕಳ ಕೋಟಾದಲ್ಲಿ ಅರ್ಜಿ ಹಾಕಿದ್ದರು. ಇರುವ ಸೀಟು ಬೆರಳೆಣಿಕೆಯವು. ಅವನು ಹತ್ತಿದರೆ ಇವಳು ಇಳಿಯಬೇಕು ಎಂಬುದು ಮುಮತಾಜಬಿಯ ಲೆಕ್ಕ.

ಅದಕ್ಕೇ ಅವಳು ಮನೆಯಲ್ಲಿ ಒಂದು ಕಟ್ಟಪ್ಪಣೆ ಹೊರಡಿಸಿದ್ದಳು.

"ಸೀಟ್ ಕೈಗೆ ಬರೂತನಕ ಈ ಮನ್ಯಾಗ ಯಾರೂ ಧಾರವಾಡದ ಮಾತು ಎತ್ತಬಾರ್ದು. ಏನ ತಂದ್ರೂ ಮುಚ್ಚಿ ಇಡ್ರಿ. ನಜರ ಹತ್ತತೈತಿ."

ಒಂದು ಸಂಜೆ ಮೈನುದ್ದೀನ ಚಪ್ಪಲಿಗೆ ಹತ್ತಿದ ಮಣ್ಣು ಕೊಡವುತ್ತ ಒಳಗೆ ಬಂದ. ಸವಡಿಯಲ್ಲಿ ಹೊಲ ಮಾಡುವ ಪರಶಪ್ಪನನ್ನು ಕಂಡು ಬಂದಿದ್ದ.

"ಧಾರವಾಡಕ್ಕ ಹೋಗೂದು ಬಂತು. ಅಲ್ಲೇನ ಕೇಳ್ತಾರಂದ್ರ..."

"ಸುಮ್ಮನಿರ್ರಿ! ಅದು ಒಂದಿಟಗಿ ಗ್ವಾಡಿ ಐತಿ. ಆಚಿಗೆ ಕೇಳ್ತೈತಿ."

ಅವನು ಮಾತು ಬಿಟ್ಟು ಚಹಾದ ಕಪ್ಪು ಎತ್ತಿಕೊಂಡ. ಹೆಂಡತಿಯ ಮಾತು ಮುಗಿಯುವುದರೊಳಗೆ ಚಹಾ ಆರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಮಾಟದ ವಿಷಯ ಮುಮತಾಜಬಿ ಗಂಡನಿಗೆ ಹೇಳಲಿಲ್ಲ. ಅಣ್ಣನ ಮನೆಯ ಮೇಲೆ ಹುಲ್ಲುಕಡ್ಡಿ ಬಿದ್ದರೂ ತಡೆದುಕೊಳ್ಳುವ ಮನುಷ್ಯ ಅವನಲ್ಲ. ಅವಳ ತವರು ನರೇಗಲ್ಲಿನಲ್ಲಿ ಹಿರಿಯರು ಹೇಳುತ್ತಿದ್ದರು: ಮಾಟದ ಗಂಟನ್ನು ಸುಡಬಾರದು, ಬಾವಿಗೂ ಹಾಕಬಾರದು, ಕಟ್ಟಿದವರ ಮನೆಗೇ ತಿರುಗಿಸಬೇಕು. ಮಧ್ಯಾಹ್ನ ಓಣಿ ಮಲಗಿದಾಗ ಅವಳು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ಗೋಡೆಯಾಚೆ ಬೇವಿನ ನೆರಳಲ್ಲಿ ಶಾಹೀದ ಮಲಗುವ ಹೊರಸು. ಎರಡೂ ಗಂಟು ಸರಿಯಾಗಿ ಅದರ ನಡುವೆ ಬಿದ್ದವು.

"ಮಾಡಿದ್ದುಣ್ಣೋ ಮಹಾರಾಯ" ಎಂದು ಕೈ ಝಾಡಿಸಿಕೊಂಡಳು.

ಎರಡು ದಿನಕ್ಕೆ ಮತ್ತೆ ಗಂಟು ಬಂತು. ಕಿಟಕಿಗೆ ಚಿಲಕ ಹಾಕಿದಳು. ಆದರೂ ಬಂತು. ಒಂದರಲ್ಲಿ ಬೇವಿನ ಹಿಂಡಿಯ ನಾತ, ಇನ್ನೊಂದರಲ್ಲಿ ಚುಕ್ಕೆ ಬಿದ್ದ ಶೇಂಗಾ ಎಲೆ. ಮುಚ್ಚಿದ ಕಿಟಕಿಯನ್ನೂ ದಾಟಿ ಬರುವ ಮಾಟವೆಂದರೆ ಸಣ್ಣದಲ್ಲ. ಎಲ್ಲವನ್ನೂ ಬಂದ ಹಾಗೆಯೇ ಗೋಡೆ ದಾಟಿಸಿದಳು.

ಮಗಳ ಮುಖ ದಿನದಿನಕ್ಕೆ ಬಾಡುತ್ತಿತ್ತು.

"ಅಮ್ಮಾ, ನನ್ನ ದಿಂಬಿನ ಕೆಳಗ ಇಟ್ಟ..."

ಮುಮತಾಜಬಿ ಅವಳ ಬಾಯಿ ಮುಚ್ಚಿದಳು. "ಅದರ ಹೆಸರ ತಗೀಬ್ಯಾಡ ನನ್ನವ್ವಾ!"

ಹುಡುಗಿ ಅಪ್ಪನ ಹೊಲಿಗೆ ಮಷೀನಿನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಮರುದಿನ ಮೈನುದ್ದೀನ ಒಂದು ಇಲಿಬೋನು ತಂದು ಅವಳ ಮಂಚದ ಕೆಳಗೆ ಇಟ್ಟ. ಮನೆಗೆ ಮಾಟ ಹೊಕ್ಕಿರುವಾಗ ಈ ಮನುಷ್ಯನಿಗೆ ಇಲಿಯ ಚಿಂತೆ! ಮುಮತಾಜಬಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಪ್ಪ ಮಗಳು ಧಾರವಾಡಕ್ಕೆ ಹೋಗಿ ಬಂದರು. ನಾಜಮೀನ ಉಣ್ಣದೆ ಮಲಗಿದಳು. ತಾಯಿ ಮಾತಾಡದೆ ಅವಳ ತೋಳಿಗೆ ತಾಯಿತ ಕಟ್ಟಿದಳು.

ಕೊನೆಗೆ ಸೀಟು ಹಂಚಿದರು. ಶಾಹೀದನಿಗೆ ಧಾರವಾಡ ಸಿಕ್ಕಿತು. ನಾಜಮೀನಳಿಗೆ ಸಿಗಲಿಲ್ಲ.

ಇಷ್ಟು ಕಾದರೂ ಮಾಟವೇ ಗೆದ್ದಿತು ಅಂದುಕೊಂಡಳು ಮುಮತಾಜಬಿ. ಅಷ್ಟರಲ್ಲಿ, ಗೋಡೆ ಎದ್ದ ಮೇಲೆ ಮೊದಲ ಸಲ, ಸೈರಾಬಾನು ಪೇಢೆಯ ಡಬ್ಬಿ ಹಿಡಿದು ಹೊಸ್ತಿಲು ದಾಟಿ ಬಂದಳು.

"ನಮ್ಮ ಹೊಟ್ಟಿ ಉರಸಾಕ ಬಂದಿರೇನ್ರಿ ಭಾಬಿ?"

ಸೈರಾಬಾನು ಡಬ್ಬಿ ಕೆಳಗಿಟ್ಟು ವಾರಗಿತ್ತಿಯ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿದ್ದವು.

"ಮಾತ ಬಿಟ್ರೂ ನೀ ನನ್ನ ಮಗನ್ನ ಬಿಡಲಿಲ್ಲ, ತಂಗಿ. ಅವ ಒಂದಿನಾನೂ ಹೊಲದ ಕಡೆ ತಲಿ ಹಾಕಿ ಮಲಗಿದಾವಲ್ಲ. ಧಾರವಾಡದಾಗ ಟೇಬಲ್ ಮ್ಯಾಲ ಕಾಳು, ಮಣ್ಣು, ರೋಗ ಬಿದ್ದ ಎಲಿ, ಹುಳಾ ಎಲ್ಲಾ ಇಟ್ಟು, ಗುರತ ಹಿಡದ ಹೇಳ ಅಂದ್ರಂತ. ನೀ ಗ್ವಾಡಿ ಮ್ಯಾಲಿಂದ ಒಗದ ಗಂಟಿನ್ಯಾಗ ಇದ್ದದ್ದೇ ಅಲ್ಲೂ ಇತ್ತಂತ. ಪರಶಪ್ಪ ಸಂತಿಗೆ ಬಂದಾಗೆಲ್ಲಾ ಅವನ್ನ ತೋರಿಸಿ ಹೆಸರ ಕೇಳ್ಕೊಂಡಿದ್ದ. ಗಂಟ ಕಟ್ಟಿದ್ದು ನನ್ನ ಜಂಪರಿನ ಉಳಿದ ತುಂಡು. ಅದು ಮೈನುದ್ದೀನನ ಮಷೀನಿನ ಕೆಳಗ ಬಿಟ್ರ ಬ್ಯಾರೆ ಎಲ್ಲಿರತೈತಿ? ನೋಡಿದ ಕೂಡಲೇ ನಿನ್ನ ಕೈ ಅಂತ ಗೊತ್ತಾತು."

ಒಳಬಾಗಿಲಲ್ಲಿ ನಾಜಮೀನ ಬಂದು ನಿಂತಿದ್ದಳು.

"ಹಂಗಾರ ನಮ್ಮ ನಾಜಮೀನ ಯಾಕ ಎಡವಿದ್ಲು?" ಸೈರಾಬಾನು ಮರುಗಿ ಕೇಳಿದಳು. "ಈಕಿಗೂ ನೀ ಅವನ್ನ ತೋರಿಸಿರಬೇಕಲ್ಲ?"

ನಾಜಮೀನ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಅಮ್ಮಾ, ಅವನ್ನ ಅಬ್ಬಾ ಸವಡಿಯಿಂದ ನನಗಂತ ತಂದಿದ್ರು. ನೀ ಹೇಳಿದಂಗ ಮುಚ್ಚಿ ಇಟ್ಟಿದ್ದೆ. ಇಲಿ ಒಯ್ಯಾಕತ್ತಾವ ಅಂದ್ಕೊಂಡಿದ್ವಿ."